ಕಂಬಕ್ಕೆ ಒರಗಿದ ಕ್ಯಾಮೆರಾ

ಕೇಳುಗರೆಲ್ಲರಿಗೂ ನಮಸ್ಕಾರ.

ಮೂವತ್ತು ವರ್ಷದ ಹಿಂದೆ ಸೋಮನಾಥಪುರದ ಕೇಶವ ದೇವಸ್ಥಾನದೊಳಗೆ ನಿಂತು, ಸೆಕೆಂಡಿನ 15ನೇ ಒಂದು ಭಾಗದ ಶಟರ್ ವೇಗದಲ್ಲಿ, ಬರಿಗೈಯಲ್ಲೇ ಛಾವಣಿಯ ಫೋಟೋ ತೆಗೆದಿದ್ದೆ. ರೀಲಿನ 36ರಲ್ಲಿ ಮುಕ್ಕಾಲುಪಾಲು ಚೊಕ್ಕಟವಾಗಿದ್ದವು. ಹೋದ ವರ್ಷ ಅದೇ ಜಾಗ, ಇನ್ನೂ ಒಳ್ಳೆಯ ಕ್ಯಾಮೆರಾ. ಮನೆಗೆ ಬಂದು ನೋಡಿದರೆ ಛಾವಣಿಯಲ್ಲಿ ಕೆತ್ತಿದ ಕಲ್ಲಿನ ಬಾಳೆಮೂತಿಗೆ ಎರಡೆರಡು ಅಂಚು! ಲೆನ್ಸ್ ಕೆಟ್ಟಿತೆಂದು ರಿಪೇರಿಗೆ ಒಯ್ದೆ. ಆತ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಒಂದು ಫೋಟೋ ತೆಗೆದು ತೋರಿಸಿದ. ಕೂದಲೆಳೆಯಷ್ಟೂ ಅಲುಗಿರಲಿಲ್ಲ. ‘ಲೆನ್ಸು ಸರಿಯಾಗೇ ಇದೆ ಸಾರ್’ ಅಂದ. ಮುಂದಿನ ಮಾತು ಹೇಳಲಿಲ್ಲ, ಪುಣ್ಯಾತ್ಮ.

ಕೈ ಎಲ್ಲರದೂ ನಡುಗುತ್ತದೆ, ಹುಡುಗರದೂ; ಸೆಕೆಂಡಿಗೆ ಸುಮಾರು 8ರಿಂದ 12 ಸಲ. ಕಣ್ಣಿಗೆ ಕಾಣದಷ್ಟು ಸಣ್ಣದು, ಅಷ್ಟೆ. ವಯಸ್ಸಾದಂತೆ ತೋಳು ಬೇಗ ಸೋಲುತ್ತದೆ, ಸೋತ ತೋಳಿನ ನಡುಕ ಹೆಚ್ಚು. ಸ್ಟ್ರಾಂಗ್ ಕಾಫಿಯೂ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಮೈಸೂರು ಸೀಮೆಯವರಿಗೆ ಇದನ್ನು ಹೇಳುವುದು ಕಷ್ಟ! ಆದರೆ ಊಟದ ಚಮಚವೇ ನಡುಗುವಂತಾದರೆ ಡಾಕ್ಟರಿಗೆ ತೋರಿಸಿ, ನನ್ನ ಭಾಷಣ ನಂಬಿ ಕೂರಬೇಡಿ.

ಬರಿಗೈಯಲ್ಲಿ ತೆಗೆದ ಫೋಟೋ ಅಲುಗದಿರಲು 200 ಮಿಲಿಮೀಟರ್ ಲೆನ್ಸಿಗೆ ಸೆಕೆಂಡಿನ 200ನೇ ಒಂದು ಭಾಗದ ಶಟರ್ ವೇಗ ಬೇಕು ಎಂಬುದು ಹಳೆಯ ಲೆಕ್ಕ. ನಾನೀಗ ಅದನ್ನು 400ನೇ ಒಂದು ಭಾಗ ಮಾಡಿಕೊಂಡಿದ್ದೇನೆ. ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸುತ್ತೇನೆ. ಫೋಟೋ ಸ್ವಲ್ಪ ಕಾಳುಕಾಳಾದರೆ ಆಗಲಿ, ಅಲುಗಿದ್ದನ್ನು ಸರಿಮಾಡುವುದು ಅದಕ್ಕಿಂತ ಕಷ್ಟ. ಲೆನ್ಸಿನೊಳಗಿನ ಸ್ಟೆಬಿಲೈಸರ್ ನಮ್ಮ ಕೈಯ ನಡುಕವನ್ನು ತಡೆದೀತು, ರಂಗನತಿಟ್ಟಿನ ಕೊಕ್ಕರೆಯ ರೆಕ್ಕೆಯನ್ನಲ್ಲ. ಅಲ್ಲಿ 1000ನೇ ಒಂದು ಭಾಗಕ್ಕೂ ಹೋಗಬೇಕಾಗುತ್ತದೆ.

ಹಿಡಿಯುವ ರೀತಿಯೂ ಬದಲಾಯಿತು. ಎಡ ಅಂಗೈ ಲೆನ್ಸಿನ ಅಡಿಗೆ, ಮೊಣಕೈ ಎರಡೂ ಪಕ್ಕೆಗೆ ಒತ್ತಿ, ಎಳೆಗೂಸನ್ನು ಎದೆಗೆ ಅವಚಿಕೊಂಡ ಹಾಗೆ. ಉಸಿರು ಬಿಗಿಹಿಡಿಯುವುದು ಬೇಡ. ಅರ್ಧ ಹೊರಬಿಟ್ಟು ಒತ್ತಿ. ಒಂದರ ಬದಲು ಮೂರು ಫೋಟೋ ಒಟ್ಟಿಗೆ ತೆಗೆಯಿರಿ. ಬೆರಳು ಒತ್ತಿದ ರಭಸಕ್ಕೆ ಮೊದಲನೆಯದು ಅಲುಗಿದರೂ ನಡುವಿನದು ಸಾಮಾನ್ಯವಾಗಿ ನಿಲ್ಲುತ್ತದೆ. ಕಂಬ ಸಿಕ್ಕಿದರೆ ಭುಜ ಒರಗಿಸಿ. ಹೊಯ್ಸಳರ ಕಲ್ಲಿಗೆ ಕ್ಯಾಮೆರಾ ತಾಗಿಸಬೇಡಿ, ಭುಜ ಸಾಕು. ಕನ್ನಡಕದವರು ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ ಪಕ್ಕದ ಪುಟ್ಟ ಚಕ್ರವನ್ನು ತಿರುಗಿಸಿ, ಒಳಗಿನ ಅಂಕಿಗಳು ಸ್ಪಷ್ಟವಾಗುವವರೆಗೂ. ನಾನು ಅದನ್ನು ಹತ್ತು ವರ್ಷ ಮುಟ್ಟಿಯೇ ಇರಲಿಲ್ಲ.

ಸ್ಮಾರಕಗಳೊಳಗೆ ಟ್ರೈಪಾಡಿಗೆ ಅನುಮತಿ ಬೇಕು. ಅದರ ಬದಲು ನನ್ನ ಜೇಬಿನಲ್ಲಿ ಒಂದು ದಾರ ಇದೆ. ಅದರ ತುದಿಯ ಸ್ಕ್ರೂ ಕ್ಯಾಮೆರಾ ತಳಕ್ಕೆ, ಇನ್ನೊಂದು ತುದಿ ನನ್ನ ಚಪ್ಪಲಿಯ ಕೆಳಗೆ. ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿದರೆ ಅರ್ಧ ನಡುಕ ಅಲ್ಲೇ ನಿಂತಿತು. ದೇವಸ್ಥಾನದಲ್ಲಾದರೆ ಬರಿಗಾಲು, ಹೆಬ್ಬೆರಳಿಗೆ ದಾರ ಕೊರೆಯುತ್ತದೆ, ತಡೆದುಕೊಳ್ಳಬೇಕು.

ಛಾವಣಿಗೆ ಮಾತ್ರ ಈ ಕುತ್ತಿಗೆ ಒಪ್ಪುವುದಿಲ್ಲ. ಹಾಗಾಗಿ ಮೊನ್ನೆ ಸೋಮನಾಥಪುರದಲ್ಲಿ ಟವೆಲ್ ಮಡಿಸಿ ನೆಲದ ಮೇಲೆ ಹಾಕಿ, ಕ್ಯಾಮೆರಾವನ್ನು ಅಂಗಾತ ಮಲಗಿಸಿ, ಎರಡು ಸೆಕೆಂಡಿನ ಟೈಮರ್ ಒತ್ತಿ ಹಿಂದೆ ಸರಿದೆ. ಅಷ್ಟರಲ್ಲಿ ಕಾವಲಿನವರು ‘ಯಾರದ್ರೀ ಇದು, ಬಿಟ್ಟು ಹೋಗವ್ರೆ’ ಎನ್ನುತ್ತ ಬಗ್ಗಿದರು. ಕ್ಲಿಕ್ ಆಯಿತು. ಫೋಟೋದಲ್ಲಿ ಬಾಳೆಮೂತಿಯ ಒಂದೊಂದು ಎಸಳೂ ಎಣಿಸುವ ಹಾಗಿದೆ. ಮೂಲೆಯಲ್ಲಿ ಅವರ ಮುಖ ಮಾತ್ರ ಮಸುಕು.