ಹಿಂಡಿನ ಜೊತೆ ಹದಿನೆಂಟು ವರ್ಷ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮಪ್ಪ ಒಂದು ಕಥೆಯನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. 1974ರ ರಣಜಿ ಸೆಮಿಫೈನಲ್ ಕಥೆ. ಹದಿನೈದು ವರ್ಷ ಬೇರೆ ಯಾರಿಗೂ ಟ್ರೋಫಿ ಬಿಟ್ಟುಕೊಡದ ಬಾಂಬೆ ತಂಡವನ್ನು ನಮ್ಮವರು ಬೆಂಗಳೂರಿನಲ್ಲಿ ಕಟ್ಟಿಹಾಕಿದ್ದು. ಪ್ರಸನ್ನ ಕ್ಯಾಪ್ಟನ್. ವಿಶ್ವನಾಥ್, ಬ್ರಿಜೇಶ್ ಪಟೇಲ್ ಇಬ್ಬರದೂ ಸೆಂಚುರಿ. ಅಪ್ಪ ಆಗ ಮೈಸೂರಿನಲ್ಲಿ ಓದುತ್ತಿದ್ದರು. ಹಾಸ್ಟೆಲಿನಲ್ಲಿ ಇದ್ದದ್ದು ಒಂದೇ ಟ್ರಾನ್ಸಿಸ್ಟರ್. ಅದರ ಸುತ್ತ ಇಪ್ಪತ್ತು ಜನ. ಕರ್ನಾಟಕ ಮೊದಲ ಸಲ ರಣಜಿ ಗೆದ್ದ ವರ್ಷ ಅದು.

ಈ ಕಥೆಯನ್ನು ಹೋಲುವ ಇನ್ನೊಂದು ಕಥೆ ಅಮೆರಿಕದಲ್ಲಿ ನನಗಾಗಿ ಕಾಯುತ್ತಿದೆ ಅಂತ ನನಗೇನು ಗೊತ್ತಿತ್ತು?

ನಾನು 2006ರಲ್ಲಿ ಎಂ.ಎಸ್. ಓದಲು ರಾಲಿಗೆ ಹೋದೆ. ನಾರ್ತ್ ಕೆರೊಲಿನಾ ರಾಜ್ಯದ ರಾಜಧಾನಿ ಅದು. ಕಾಲೇಜಿನ ಹೆಸರು ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ. ಅಲ್ಲಿನವರ ಬಾಯಲ್ಲಿ ಬರೀ ‘ಸ್ಟೇಟ್’. 1887ರಲ್ಲಿ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸಲು ಶುರುವಾದ ಕಾಲೇಜು. ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯವನ್ನೂ ಒಂದು ಎಂಜಿನಿಯರಿಂಗ್ ಕಾಲೇಜನ್ನೂ ಒಂದೇ ಕಾಂಪೌಂಡಿನಲ್ಲಿ ಇಟ್ಟ ಹಾಗೆ ಅಂದುಕೊಳ್ಳಿ. ಕಾಲೇಜಿನದೇ ಡೇರಿ ಇದೆ. ಅಲ್ಲಿನ ಹಾಲಿನಿಂದ ಐಸ್‌ಕ್ರೀಮ್ ಮಾಡಿ ‘ಹೌಲಿಂಗ್ ಕೌ’ ಅಂತ ಮಾರುತ್ತಾರೆ. ಅಂದರೆ ಊಳಿಡುವ ಹಸು. ಹಸು ಯಾಕೆ ಊಳಿಡುತ್ತದೆ ಅಂತೀರಾ? ಕಾಲೇಜಿನ ತಂಡದ ಹೆಸರು ವುಲ್ಫ್‌ಪ್ಯಾಕ್. ತೋಳಗಳ ಹಿಂಡು.

ಆ ಊರಿನ ಭೂಗೋಳ ಸ್ವಲ್ಪ ತಿಳಿದಿರಬೇಕು. ನಮ್ಮ ಕಾಲೇಜಿನಿಂದ ಮೂವತ್ತು ಮೈಲಿಯೊಳಗೆ ಇನ್ನೆರಡು ದೊಡ್ಡ ಕಾಲೇಜುಗಳು. ಡರಮ್‌ನಲ್ಲಿ ಡ್ಯೂಕ್, ಚಾಪಲ್ ಹಿಲ್‌ನಲ್ಲಿ ಕೆರೊಲಿನಾ. ಬಾಸ್ಕೆಟ್‌ಬಾಲ್‌ನಲ್ಲಿ ದೇಶಕ್ಕೇ ಹೆಸರಾದ ತಂಡಗಳು. ನಾನು ಅಲ್ಲಿಗೆ ಹೋದ ಮೇಲೆ ಕೆರೊಲಿನಾ 2009 ಮತ್ತು 2017ರಲ್ಲಿ ರಾಷ್ಟ್ರದ ಚಾಂಪಿಯನ್ ಆಯಿತು. ಡ್ಯೂಕ್ 2010 ಮತ್ತು 2015ರಲ್ಲಿ. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರು ಒಂದಲ್ಲ ಒಂದು ನೀಲಿ ಅಂಗಿ ಹಾಕಿಕೊಂಡು ಬರುವರು. ಎರಡೂ ತಂಡದ ಬಣ್ಣ ನೀಲಿಯೇ. ನಮ್ಮದು ಕೆಂಪು. ನಾವು 1983ರಿಂದ ಕಾಯುತ್ತಿದ್ದೆವು.

ನಾನು ನೋಡಿದ ಮೊದಲ ಪಂದ್ಯ ಹೆಣ್ಣುಮಕ್ಕಳದು. 2007ರ ಫೆಬ್ರವರಿ. ಗೆಳತಿಯೊಬ್ಬಳು “ಸುಮ್ನೆ ಬಾ” ಅಂತ ಕರೆದುಕೊಂಡು ಹೋದಳು. ರೆನಾಲ್ಡ್ಸ್ ಕೊಲಿಸಿಯಮ್ ಅಂತ ಕ್ಯಾಂಪಸ್ಸಿನ ಒಳಗೇ ಇರುವ ಹಳೇ ಇಟ್ಟಿಗೆ ಕಟ್ಟಡ, 1949ರದ್ದು. ಅವತ್ತು ಅಲ್ಲಿನ ಅಂಕಣಕ್ಕೆ ಕೋಚ್ ಕೇ ಯೋ ಅವರ ಹೆಸರಿಡುವ ಸಮಾರಂಭ. ಅವರಿಗೆ ಸ್ತನ ಕ್ಯಾನ್ಸರ್. ಆ ಚಳಿಗಾಲದಲ್ಲೇ ಚಿಕಿತ್ಸೆಗೆ ರಜೆ ಹಾಕಿ, ಮತ್ತೆ ಬಂದು ಬೆಂಚಿನ ಮೇಲೆ ಕೂತಿದ್ದರು. ಎದುರಾಳಿ ಕೆರೊಲಿನಾ, ಆಗ ದೇಶಕ್ಕೇ ಎರಡನೇ ಸ್ಥಾನದ ತಂಡ. ನನಗೆ ಆಟದ ನಿಯಮ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ಆದರೂ ಕಣ್ಣು ಕೀಳಲು ಆಗಲಿಲ್ಲ. ಬಣ್ಣವಿಲ್ಲದ ಮುಖ, ತೆಳ್ಳಗಾದ ಕೂದಲು, ಕೂತಲ್ಲಿಂದಲೇ ಕೈ ಸನ್ನೆ ಮಾಡುತ್ತಿದ್ದ ಆ ಅಮ್ಮ. ಹುಡುಗಿಯರು ಚೆಂಡಿನ ಹಿಂದೆ ನೆಲಕ್ಕೆ ಬಿದ್ದು ಹೊರಳುತ್ತಿದ್ದರು. ಗೆದ್ದರು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸು ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಊರು ಬಿಟ್ಟು ಆರು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ನನ್ನನ್ನು ಯಾರೂ ತಬ್ಬಿಕೊಂಡಿರಲಿಲ್ಲ. ಅವತ್ತಿನಿಂದ ನಾನು ಹಿಂಡಿಗೆ ಸೇರಿದವಳು.

ಕೇ ಯೋ 2009ರ ಜನವರಿಯಲ್ಲಿ ತೀರಿಕೊಂಡರು.

ಆಮೇಲೆ ಓದು ಮುಗಿಯಿತು, ಕೆಲಸ, ಮದುವೆ, ಮಗಳು. ರಾಲಿಯಲ್ಲೇ ಮನೆ ಮಾಡಿದೆವು. ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ನಾನು ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ಅರ್ಥ ಹೇಳಿದ ಮೇಲೆ ಅವರಿಗೂ ಆ ಹೆಸರು ಇಷ್ಟವಾಯಿತು. ಮಗಳು ಅವರನ್ನು ‘ತಾತ’ ಅನ್ನುತ್ತಾಳೆ. 1974ರಲ್ಲಿ ಅವರು ಸ್ಟೇಟ್‌ನ ವಿದ್ಯಾರ್ಥಿ.

ಆ 1974ರ ಕಥೆ ಇದು. ಯು.ಸಿ.ಎಲ್.ಎ. ಅನ್ನುವ ಕ್ಯಾಲಿಫೋರ್ನಿಯಾದ ತಂಡ ಏಳು ವರ್ಷ ಒಂದೇ ಸಮನೆ ಚಾಂಪಿಯನ್. ಸ್ಟೇಟ್‌ನಲ್ಲಿ ಆಗ ಟಾಮ್ ಬರ್ಲ್‌ಸನ್ ಅಂತ ಏಳಡಿ ಮೀರಿದ ಆಳು. ಅವನ ಪಕ್ಕದಲ್ಲೇ ಮಾಂಟಿ ಟೋ ಅಂತ ಐದೂವರೆ ಅಡಿಯ ಹುಡುಗ. ನಡುವೆ ಡೇವಿಡ್ ಥಾಂಪ್ಸನ್. ಆ ಕಾಲದಲ್ಲಿ ಕಾಲೇಜು ಆಟದಲ್ಲಿ ಚೆಂಡನ್ನು ಮೇಲಿಂದ ರಿಂಗಿನೊಳಗೆ ತುರುಕುವುದಕ್ಕೆ, ಅಂದರೆ ಡಂಕ್ ಮಾಡುವುದಕ್ಕೆ, ನಿಷೇಧ ಇತ್ತು. ಥಾಂಪ್ಸನ್ ರಿಂಗಿಗಿಂತ ಮೇಲೆ ಹಾರಿ, ಗಾಳಿಯಲ್ಲೇ ಚೆಂಡು ಹಿಡಿದು, ಬಾವಿಗೆ ಕೊಡ ಇಳಿಸಿದ ಹಾಗೆ ಮೆಲ್ಲಗೆ ಬಿಡುತ್ತಿದ್ದನಂತೆ. ಸೆಮಿಫೈನಲ್‌ಗೆ ಮುಂಚಿನ ಒಂದು ಪಂದ್ಯದಲ್ಲಿ ತನ್ನದೇ ತಂಡದವನ ಭುಜಕ್ಕೆ ಕಾಲು ತಗುಲಿ ತಲೆಕೆಳಗಾಗಿ ಬಿದ್ದ. ತಲೆಗೆ ಹೊಲಿಗೆ ಬಿತ್ತು. ಸತ್ತೇ ಹೋದ ಅಂತ ಜನ ಅಂದುಕೊಂಡರು. ತಲೆಗೆ ಪಟ್ಟಿ ಸುತ್ತಿಕೊಂಡು ಅದೇ ಪಂದ್ಯ ಮುಗಿಯುವ ಮುಂಚೆ ವಾಪಸ್ ಬಂದು ಬೆಂಚಿನ ಮೇಲೆ ಕೂತ. ಮುಂದಿನ ವಾರ ಸೆಮಿಫೈನಲ್‌ನಲ್ಲಿ ಎರಡು ಸಲ ಹೆಚ್ಚುವರಿ ಆಟ ಆಡಿ, ಏಳು ಅಂಕ ಹಿಂದೆ ಬಿದ್ದಿದ್ದವರು ಎದ್ದು, 80–77ರಿಂದ ಯು.ಸಿ.ಎಲ್.ಎ.ಯನ್ನು ಸೋಲಿಸಿದರು.

ಮೇಷ್ಟ್ರಿಗೆ ಟಿಕೆಟ್ ಸಿಕ್ಕಿರಲಿಲ್ಲ. ಹಾಸ್ಟೆಲಿನಲ್ಲಿ ರೇಡಿಯೊ ಕೇಳಿದರಂತೆ. ಇದನ್ನು ಅವರು ಹೇಳಿದ ದಿನ ನಾನು ಅಪ್ಪನಿಗೆ ಫೋನ್ ಮಾಡಿ ಇಬ್ಬರನ್ನೂ ಮಾತಾಡಿಸಿದೆ. ಒಬ್ಬರಿಗೆ ಬಾಸ್ಕೆಟ್‌ಬಾಲ್ ಗೊತ್ತಿಲ್ಲ, ಒಬ್ಬರಿಗೆ ಕ್ರಿಕೆಟ್ ಗೊತ್ತಿಲ್ಲ. ಮುಕ್ಕಾಲು ಗಂಟೆ ಮಾತಾಡಿದರು.

ರೇಡಿಯೊ ಅಭ್ಯಾಸ ಅವರಿಗೆ ಹೋಗಲೇ ಇಲ್ಲ. ಇವತ್ತಿಗೂ ಟಿವಿ ಸದ್ದು ಪೂರ್ತಿ ಇಳಿಸಿ, ಪಕ್ಕದಲ್ಲಿ ರೇಡಿಯೊ ಹಾಕುತ್ತಾರೆ. ಟಿವಿಯವನು ಎಲ್ಲರಿಗೂ ಸೇರಿದವನು, ರೇಡಿಯೊದವನು ನಮ್ಮವನು ಅನ್ನುತ್ತಾರೆ. ಮಡಿಲಲ್ಲಿ ಒಂದು ನೋಟ್‌ಬುಕ್. ಪ್ರತಿ ಆಟಗಾರನ ಹೆಸರು, ಅದರ ಮುಂದೆ ಅಂಕ. ವಿದ್ಯಾರ್ಥಿಯಾಗಿದ್ದಾಗಿನಿಂದ ಬರೆದಿಟ್ಟ ಅಂಥ ನೋಟ್‌ಬುಕ್ಕುಗಳು ಒಂದು ಕಪಾಟು ತುಂಬಾ ಇವೆ. ಕೊನೆಯ ಗಂಟೆ ಹೊಡೆಯುವ ತನಕ ಸೋಲು ಗೆಲುವು ಯಾವುದನ್ನೂ ಬರೆಯುವುದಿಲ್ಲ.

ಹಾಗಿರಲು ಅವರಿಗೆ ಕಲಿಸಿದ್ದು 1983. ಅವತ್ತು ಫೈನಲ್‌ನಲ್ಲಿ ಹ್ಯೂಸ್ಟನ್ ಎದುರು 52–52 ಸಮ. ಕೊನೆಯ ಗಳಿಗೆಯಲ್ಲಿ ನಮ್ಮ ವಿಟನ್‌ಬರ್ಗ್ ದೂರದಿಂದ ಎಸೆದ ಚೆಂಡು ರಿಂಗ್ ಮುಟ್ಟದೆ ಬೀಳುವುದರಲ್ಲಿತ್ತು. ಲೊರೆಂಜೊ ಚಾರ್ಲ್ಸ್ ಅದನ್ನು ಗಾಳಿಯಲ್ಲೇ ಹಿಡಿದು ಒಳಗೆ ತುರುಕಿದ. ಕೋಚ್ ಜಿಮ್ ವಾಲ್ವಾನೊ ಯಾರನ್ನಾದರೂ ತಬ್ಬಿಕೊಳ್ಳಬೇಕು ಅಂತ ಅಂಕಣದ ತುಂಬಾ ಓಡಾಡಿದ್ದನ್ನು ಅಮೆರಿಕದಲ್ಲಿ ಇವತ್ತಿಗೂ ಪ್ರತಿ ಮಾರ್ಚ್‌ನಲ್ಲಿ ತೋರಿಸುತ್ತಾರೆ. ಹತ್ತು ವರ್ಷದ ನಂತರ ಅದೇ ವಾಲ್ವಾನೊ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 47 ವರ್ಷ. ಸಾಯುವ ಎರಡು ತಿಂಗಳ ಮುಂಚೆ ವೇದಿಕೆಯ ಮೇಲೆ ನಿಂತು, ಬಿಟ್ಟುಕೊಡಬೇಡಿ, ಯಾವತ್ತೂ ಬಿಟ್ಟುಕೊಡಬೇಡಿ ಅಂತ ಹೇಳಿದರು. ಅವರ ಹೆಸರಿನ ಸಂಸ್ಥೆ ಕ್ಯಾನ್ಸರ್ ಸಂಶೋಧನೆಗೆ ಇಂದಿಗೂ ಹಣ ಕೊಡುತ್ತಿದೆ.

ಈಗ 2024ಕ್ಕೆ ಬರುತ್ತೇನೆ. ಆ ವರ್ಷದ ಮಾಮೂಲಿ ಪಂದ್ಯಗಳು ಮುಗಿದಾಗ ನಮ್ಮದು 17 ಗೆಲುವು, 14 ಸೋಲು. ಕೊನೆಯ ನಾಲ್ಕೂ ಸೋಲು. ಎಸಿಸಿ, ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಅನ್ನುವ ನಮ್ಮ ಕಾಲೇಜುಗಳ ಕೂಟದ ಹದಿನೈದು ತಂಡಗಳಲ್ಲಿ ಹತ್ತನೇ ಜಾಗ. ಮಾರ್ಚ್‌ನ ರಾಷ್ಟ್ರೀಯ ಪಂದ್ಯಾವಳಿಗೆ ಆಗ 68 ತಂಡ ಸೇರುತ್ತಿದ್ದವು. ಒಂದು ಸೋತರೆ ಮನೆಗೆ. ಅದರೊಳಗೆ ಹೋಗಬೇಕಾದರೆ ನಮಗಿದ್ದದ್ದು ಒಂದೇ ದಾರಿ. ಆ ವರ್ಷ ವಾಷಿಂಗ್ಟನ್‌ನಲ್ಲಿ ನಡೆಯಲಿದ್ದ ಎಸಿಸಿ ಪಂದ್ಯಾವಳಿ ಗೆಲ್ಲಬೇಕು. ಐದು ದಿನದಲ್ಲಿ ಐದು ಪಂದ್ಯ. ಅದನ್ನು ನಾವು ಕೊನೆಯ ಸಲ ಗೆದ್ದದ್ದು 1987ರಲ್ಲಿ. ನಾನಾಗ ಮೈಸೂರಿನಲ್ಲಿ ಅಂಗನವಾಡಿಗೆ ಹೋಗುತ್ತಿದ್ದ ಮಗು.

ಮಂಗಳವಾರ ಲೂಯಿವಿಲ್, ಬುಧವಾರ ಸಿರಕ್ಯೂಸ್, ಗುರುವಾರ ಡ್ಯೂಕ್. ಮೂರೂ ಗೆದ್ದರು. ಶುಕ್ರವಾರ ರಾತ್ರಿ ವರ್ಜೀನಿಯಾ. ನಾವು ಮೂವರೂ ಮೇಷ್ಟ್ರ ಮನೆಯಲ್ಲಿ. ಮಗಳನ್ನು ಮಲಗಿಸುವ ಹೊತ್ತು ಎಂದೋ ಮೀರಿತ್ತು. ಆಟ ಮುಗಿಯಲು ಐದು ಸೆಕೆಂಡು ಚಿಲ್ಲರೆ. ನಾವು ಮೂರು ಅಂಕ ಹಿಂದೆ. ಫ್ರೀ ಥ್ರೋ ಗೆರೆಯ ಮೇಲೆ, ಅಂದರೆ ಯಾರೂ ಅಡ್ಡ ಬರದೆ ಎಸೆಯುವ ಜಾಗದಲ್ಲಿ, ವರ್ಜೀನಿಯಾದ ಹುಡುಗ. ಒಂದು ಹಾಕಿದರೆ ಮುಗಿಯಿತು.

ಇಲ್ಲೊಂದು ವಿಷಯ ಹೇಳಬೇಕು. ಮೇಷ್ಟ್ರ ಮನೆಯಲ್ಲಿ ರೇಡಿಯೊ ಮುಂದೆ ಹೋಗುತ್ತದೆ, ಟಿವಿ ಹಿಂದೆ ಬರುತ್ತದೆ. ಚಿತ್ರ ಇಂಟರ್ನೆಟ್ಟಿನಲ್ಲಿ ಸುತ್ತಿ ಬರುವಷ್ಟರಲ್ಲಿ ಕೆಲವು ಸೆಕೆಂಡು ತಡ. ಟಿವಿಯಲ್ಲಿ ಆ ಹುಡುಗ ಇನ್ನೂ ಚೆಂಡು ಪುಟಿಸುತ್ತಾ ನಿಂತಿದ್ದಾನೆ. ರೇಡಿಯೊದಲ್ಲಿ ಅವನು ಆಗಲೇ ತಪ್ಪಿಸಿದ್ದಾನೆ. ಟಿವಿಯಲ್ಲಿ ಮೈಕೆಲ್ ಓಕಾನಲ್ ಚೆಂಡು ಹಿಡಿದು ಓಡಲು ಶುರು ಮಾಡಿದ. ರೇಡಿಯೊದಲ್ಲಿ ಒಂದು ಕೂಗು. ಮಾತಿಲ್ಲ, ಬರೀ ಕೂಗು. ನಾವು ಮೂವರೂ ಉಸಿರು ಹಿಡಿದೆವು. ಕೂಗಿನ ಅರ್ಥ ಗೊತ್ತಾಗಿತ್ತು, ಆದರೆ ನಂಬಲು ಕಣ್ಣಿಗೆ ಇನ್ನೂ ಏನೂ ಸಿಕ್ಕಿರಲಿಲ್ಲ. ಓಕಾನಲ್ ಮೂರಂಕದ ಗೆರೆಯಾಚೆಯಿಂದ ಎಸೆದ. ಚೆಂಡು ಹಲಗೆಗೆ ಬಡಿಯಿತು. ರಿಂಗಿನ ಮೇಲೆ ಒಂದು ಗಳಿಗೆ ಕೂತಿತು. ಒಳಗೆ ಬಿತ್ತು. ಮೇಷ್ಟ್ರು ನೋಟ್‌ಬುಕ್ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದರು. ಅವರು ಅದನ್ನು ನೋಡಲೇ ಇಲ್ಲ. ಕೇಳಿದರು ಅಷ್ಟೇ.

ಹೆಚ್ಚುವರಿ ಆಟದಲ್ಲಿ ಗೆದ್ದೆವು. ಶನಿವಾರ ಕೆರೊಲಿನಾವನ್ನು 84–76ರಿಂದ ಸೋಲಿಸಿದೆವು. 37 ವರ್ಷದ ನಂತರ ನಮ್ಮ ಹುಡುಗರು ಏಣಿ ಹತ್ತಿ ರಿಂಗಿನ ಬಲೆ ಕತ್ತರಿಸಿದರು. ಗೆದ್ದವರು ಬಲೆ ಕತ್ತರಿಸಿಕೊಳ್ಳುವ ಪದ್ಧತಿಯನ್ನು ಕಾಲೇಜು ಬಾಸ್ಕೆಟ್‌ಬಾಲ್‌ಗೆ ತಂದವರೇ ನಮ್ಮ ಹಳೇ ಕೋಚ್ ಎವರೆಟ್ ಕೇಸ್, 1947ರಲ್ಲಿ. ರಾಲಿಯಲ್ಲಿ ವಿದ್ಯಾರ್ಥಿಗಳೆಲ್ಲ ಬೆಲ್‌ಟವರ್ ಹತ್ತಿರ ಓಡಿದರು. ಅದು ಕಾಲೇಜಿನ ಗಂಟೆಗೋಪುರ. ಗೆದ್ದ ರಾತ್ರಿ ಅದಕ್ಕೆ ಕೆಂಪು ದೀಪ ಹಾಕುತ್ತಾರೆ.

ಆ ತಂಡವನ್ನು ನೀವು ನೋಡಬೇಕಿತ್ತು. ಡಿಜೆ ಬರ್ನ್ಸ್ ಅಂತ ಒಬ್ಬ ದೈತ್ಯ, ಎಡಗೈಯವನು. ಎದುರಾಳಿಯನ್ನು ಬೆನ್ನಿನಿಂದಲೇ ದೂಡಿಕೊಂಡು ಹೋಗಿ, ತಿರುಗಿ, ಹೂವು ಇಟ್ಟ ಹಾಗೆ ಚೆಂಡು ಇಡುತ್ತಿದ್ದ. ಮುಖದ ತುಂಬಾ ನಗು. ಡಿಜೆ ಹಾರ್ನ್ ನಮ್ಮ ರಾಲಿಯದೇ ಹುಡುಗ. ಬೇರೆ ಎರಡು ಕಾಲೇಜಿನಲ್ಲಿ ಆಡಿ ಕೊನೆಗೆ ಮನೆಗೆ ಬಂದವನು. ಮೊಹಮದ್ ಜಾರಾ ಫ್ರಾನ್ಸಿನವನು. ಅದು ರಂಜಾನ್ ತಿಂಗಳು. ಹಗಲೆಲ್ಲ ನೀರೂ ಕುಡಿಯದೆ ಉಪವಾಸವಿದ್ದು ಈ ಪಂದ್ಯಗಳನ್ನು ಆಡಿದ. ನನ್ನಮ್ಮ ಫೋನಿನಲ್ಲಿ ಇದನ್ನು ಕೇಳಿ, ಪಂದ್ಯದ ಫಲಿತಾಂಶ ಬಿಟ್ಟು, “ಆ ಮಗು ಊಟ ಮಾಡಿತಾ?” ಅಂತ ದಿನಾ ವಿಚಾರಿಸುತ್ತಿದ್ದರು.

ರಾಷ್ಟ್ರೀಯ ಪಂದ್ಯಾವಳಿಯಲ್ಲೂ ನಾಲ್ಕು ಗೆದ್ದು ಕೊನೆಯ ನಾಲ್ಕಕ್ಕೆ ಹೋದೆವು. ನಾಲ್ಕನೆಯದು ಮತ್ತೆ ಡ್ಯೂಕ್ ಮೇಲೆ. ಅವತ್ತು ಬರ್ನ್ಸ್‌ದು 29 ಅಂಕ. ಅಲ್ಲಿಂದ ಮುಂದೆ ಪರ್ಡ್ಯೂಗೆ ಸೋತೆವು. ಅದೇ ವರ್ಷ ನಮ್ಮ ಹೆಣ್ಣುಮಕ್ಕಳ ತಂಡವೂ ಕೊನೆಯ ನಾಲ್ಕಕ್ಕೆ ಹೋಯಿತು. 1998ರಲ್ಲಿ ಕೇ ಯೋ ಕರೆದೊಯ್ದ ನಂತರ ಅದೇ ಮೊದಲು.

ಈಗ ಕಾಲೇಜು ಆಟ ಬದಲಾಗಿದೆ. 2021ರಿಂದ ಆಟಗಾರರು ತಮ್ಮ ಹೆಸರಿನಲ್ಲಿ ಹಣ ಸಂಪಾದಿಸಬಹುದು. ಕಾಲೇಜು ಬದಲಿಸುವುದೂ ಸುಲಭವಾಗಿದೆ. ಹಣ ಸಿಗುವುದು ಒಳ್ಳೆಯದೇ. ಎಷ್ಟೋ ಹುಡುಗರು ಬಡವರ ಮನೆಯವರು, ಅವರ ಬೆವರಿಗೆ ಬೆಲೆ ಸಿಗಬೇಕು. ಆದರೆ ಒಂದು ಹೆಸರು ನಾಲಿಗೆಗೆ ರೂಢಿಯಾಗುವಷ್ಟರಲ್ಲಿ ಆ ಹುಡುಗ ಇನ್ನೊಂದು ಬಣ್ಣದ ಅಂಗಿಯಲ್ಲಿರುತ್ತಾನೆ. ಅದು ನೋವು ಕೊಡುತ್ತದೆ. ಮೊದಲಾದರೆ ನಾಲ್ಕು ವರ್ಷ ಅವರು ಬೆಳೆಯುವುದನ್ನು ನೋಡುತ್ತಿದ್ದೆವು, ಅಲ್ವಾ? ಮೇಷ್ಟ್ರ ಹಳೇ ನೋಟ್‌ಬುಕ್ಕುಗಳಲ್ಲಿ ಅದೇ ಹೆಸರುಗಳು ಪುಟದಿಂದ ಪುಟಕ್ಕೆ ಬರುತ್ತವೆ. ಈಗಿನದರಲ್ಲಿ ಪ್ರತಿ ವರ್ಷ ಹೊಸ ಪಟ್ಟಿ. ಅವರು ಅಷ್ಟೇ ಅಂದವಾಗಿ ಅದನ್ನೂ ಬರೆಯುತ್ತಾರೆ.

ಆ ದೊಡ್ಡ ಗೆಲುವಿನ ಮರುವರ್ಷ ನಮ್ಮದು 12 ಗೆಲುವು, 19 ಸೋಲು. ಎಸಿಸಿ ಪಂದ್ಯಾವಳಿಗೆ ಕೂಡ ಆಯ್ಕೆಯಾಗಲಿಲ್ಲ. ಕೋಚ್ ಬದಲಾದರು.

ಆ 2025ರ ಚಳಿಗಾಲದ ಒಂದು ರಾತ್ರಿ ನೆನಪಾಗುತ್ತದೆ. ನಾವು ಮೂವರೂ ಪಂದ್ಯಕ್ಕೆ ಹೋಗಿದ್ದೆವು. ಮೇಷ್ಟ್ರಿಗೆ ಮಂಡಿ ನೋವು. ಮೆಟ್ಟಿಲಿನಲ್ಲಿ ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಕೈ ಮಗಳ ತಲೆಯ ಮೇಲೆ. ನಮ್ಮವರು ತುಂಬಾ ಹಿಂದೆ ಬಿದ್ದಿದ್ದರು. ಎರಡು ನಿಮಿಷ ಇರುವಾಗ ಸುತ್ತಲಿನ ಕುರ್ಚಿಗಳು ಖಾಲಿಯಾಗತೊಡಗಿದವು. ಮಗಳು ತೂಕಡಿಸುತ್ತಿದ್ದಳು. “ಹೋಗೋಣವಾ?” ಅಂದೆ. ಮೇಷ್ಟ್ರು ಅಂಕಣದ ಕಡೆ ಬೆರಳು ತೋರಿಸಿದರು. ಬೆಂಚಿನ ತುದಿಯಿಂದ ಒಬ್ಬ ಹುಡುಗ ಎದ್ದು ಬರುತ್ತಿದ್ದ. ಸ್ಕಾಲರ್‌ಶಿಪ್ ಇಲ್ಲದೆ, ತನ್ನ ಖರ್ಚಿನಲ್ಲೇ ಓದುತ್ತಾ, ದಿನಾ ತಂಡದ ಜೊತೆ ಅಭ್ಯಾಸ ಮಾಡುವ ಹುಡುಗರು ಇರುತ್ತಾರೆ. ಅಂಥವನೊಬ್ಬ. ಆಡುವ ಅವಕಾಶ ಸಿಗುವುದು ಇಂಥ ಸೋತ ರಾತ್ರಿಗಳಲ್ಲೇ. ಅಂಗಿ ಸರಿಮಾಡಿಕೊಂಡ. ಒಂದು ಸಲ ಅವನ ಕೈಗೆ ಚೆಂಡು ಬಂತು. ಎಸೆದ. ಬಲೆ ಅಲ್ಲಾಡಿತು.

ಮೇಷ್ಟ್ರು ಮುಂದಿನ ಕುರ್ಚಿ ಹಿಡಿದುಕೊಂಡು ಎದ್ದು ನಿಂತರು. ಮಗಳೂ ಎಚ್ಚರಗೊಂಡು ಚಪ್ಪಾಳೆ ತಟ್ಟಿದಳು. ಕೊನೆಯ ಗಂಟೆ ಹೊಡೆಯಿತು. ಅವರು ಮತ್ತೆ ಕೂತು, ಕನ್ನಡಕ ಒರೆಸಿಕೊಂಡು, ನೋಟ್‌ಬುಕ್ ತೆರೆದು, ಪಟ್ಟಿಯ ಕೊನೆಯಲ್ಲಿದ್ದ ಆ ಹುಡುಗನ ಹೆಸರು ಹುಡುಕಿದರು. ಅದರ ಮುಂದೆ ದುಂಡಗೆ ಬರೆದರು, ಎರಡು.