ಷೆವೆಲ್ 454: ರಸ್ತೆಯ ಓಟ ಹೆಚ್ಚಿಸಲು ಕೈ ಹಾಕಬೇಕಾದದ್ದು ಎಲ್ಲಿಗೆ?

[ದೃಶ್ಯ: ಬಾನೆಟ್ ತೆರೆದಿದೆ, ಎಂಜಿನ್ ಐಡ್ಲಿಂಗ್‌ನಲ್ಲಿದೆ]

ನಮಸ್ಕಾರ. ಮಧ್ಯಮ ಗಾತ್ರದ ಕಾರುಗಳಿಗೆ 400 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಕೂಡದು ಎಂದು ಜನರಲ್ ಮೋಟಾರ್ಸ್ ತಾನೇ ಹಾಕಿಕೊಂಡಿದ್ದ ಮಿತಿಯನ್ನು 1970ರ ಮಾದರಿಗಳಿಗೆ ತೆಗೆದುಹಾಕಿತು. ಹಾಗೆ ಹುಟ್ಟಿದ್ದು ಷೆವರ್ಲೆ ಷೆವೆಲ್ ಎಸ್‌ಎಸ್ 454. ಬಿಗ್ ಬ್ಲಾಕ್ ವಿ8, 454 ಕ್ಯೂಬಿಕ್ ಇಂಚು, ಅಂದರೆ 7.4 ಲೀಟರ್. 450 ಅಶ್ವಶಕ್ತಿಯ ಎಲ್‌ಎಸ್6 ಎಂಜಿನ್‌ಗೆ ಹೆಸರು ಹೆಚ್ಚು. ನಾವು ಇವತ್ತು ನೋಡುವುದು ಅದರ ಜೊತೆಗೇ ಬಂದ ಎಲ್‌ಎಸ್5 ಎಂಜಿನ್ ಅನ್ನು: 360 ಅಶ್ವಶಕ್ತಿ, ಕೇವಲ 3200 ಆರ್‌ಪಿಎಂನಲ್ಲಿ 500 ಪೌಂಡ್-ಅಡಿ ಟಾರ್ಕ್, ಅಂದರೆ ಸುಮಾರು 678 ನ್ಯೂಟನ್ ಮೀಟರ್.

ಆ ಟಾರ್ಕ್ ಎಷ್ಟು ಕೆಳಗೆ ಸಿಗುತ್ತಿದೆ ಎಂಬುದನ್ನು ಗಮನಿಸಿ. ರಸ್ತೆಯಲ್ಲಿ ಕಾರು ಓಡುವುದು ಬಹುಪಾಲು 1500ರಿಂದ 4000 ಆರ್‌ಪಿಎಂ ನಡುವೆ. ಅಲ್ಲಿ ಈ ಎಂಜಿನ್‌ಗೆ ಬಲದ ಕೊರತೆ ಇಲ್ಲವೇ ಇಲ್ಲ. ಆದರೂ ಇಂಥ ಕಾರು ಕೈಗೆ ಬಂದ ಕೂಡಲೇ ಹಲವರು ದೊಡ್ಡ ಕ್ಯಾಮ್‌ಶಾಫ್ಟ್‌ಗೆ, ಅಂದರೆ ಎಂಜಿನ್ ಕವಾಟಗಳನ್ನು ತೆರೆಯುವ ಉಬ್ಬುಗಳಿರುವ ದಂಡಕ್ಕೆ, ಹಣ ಸುರಿಯುತ್ತಾರೆ. ಮೇಲಿನ ಆರ್‌ಪಿಎಂನಲ್ಲಿ ಬಲ ಏರುತ್ತದೆ, ದಿನನಿತ್ಯ ಬೇಕಾದ ಪಿಕಪ್ ಕುಗ್ಗುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕ್ಯಾಮ್ ಕೊನೆಯ ಕೆಲಸ. ಮೊದಲ ಕೆಲಸ ಇಗ್ನಿಷನ್ ಟೈಮಿಂಗ್, ಅಂದರೆ ಸಿಲಿಂಡರ್‌ನಲ್ಲಿ ಕಿಡಿ ಹೊತ್ತುವ ಗಳಿಗೆ.

[ದೃಶ್ಯ: ಕ್ರ್ಯಾಂಕ್‌ಶಾಫ್ಟ್ ಮುಂದಿನ ಬ್ಯಾಲೆನ್ಸರ್, ಸಮೀಪದಿಂದ]

ಟೈಮಿಂಗ್ ಗುರುತು ಇರುವುದು ಈ ಬ್ಯಾಲೆನ್ಸರ್‌ನ, ಅಂದರೆ ಎಂಜಿನ್ ನಡುಕ ತಗ್ಗಿಸುವ ಚಕ್ರದ, ಹೊರ ಬಳೆಯ ಮೇಲೆ. ಹೊರ ಬಳೆಗೂ ಒಳಗಿನ ಗುಂಬಕ್ಕೂ ನಡುವೆ ಇರುವುದು ರಬ್ಬರ್. ಐವತ್ತು ವರ್ಷ ಬಿಸಿ ಉಂಡ ರಬ್ಬರ್ ಸಡಿಲವಾಗಿ ಬಳೆ ಜಾರಿದರೆ ಗುರುತೂ ಜಾರುತ್ತದೆ. ಆಮೇಲೆ ಆ ಗುರುತನ್ನು ಬೆಳಗಿ ತೋರಿಸುವ ಟೈಮಿಂಗ್ ಲೈಟ್ ಎಷ್ಟೇ ಒಳ್ಳೆಯದಿದ್ದರೂ ತೋರಿಸುವುದು ತಪ್ಪು ಲೆಕ್ಕವನ್ನೇ. ಆದ್ದರಿಂದ ಮೊದಲನೆಯ ಸಿಲಿಂಡರ್‌ನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಅನ್ನು ತಡೆಯುವ ಬೋಲ್ಟ್) ತಿರುಗಿಸಿ. ಬ್ಯಾಟರಿ ಸಂಪರ್ಕ ತಪ್ಪಿಸಿ, ಎಂಜಿನ್ ಅನ್ನು ಕೈಯಿಂದ ನಿಧಾನವಾಗಿ ಎರಡೂ ದಿಕ್ಕಿಗೆ ತಿರುಗಿಸಿ, ಪಿಸ್ಟನ್ ತಡೆದು ನಿಂತ ಎರಡೂ ಜಾಗಗಳನ್ನು ಬಳೆಯ ಮೇಲೆ ಗುರುತು ಹಾಕಿ. ಆ ಎರಡರ ನಟ್ಟ ನಡುವೆ ಇರುವುದೇ ನಿಜವಾದ ಸೊನ್ನೆ, ಅಂದರೆ ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ. ಹಳೆಯ ಗುರುತು ಅಲ್ಲಿಲ್ಲವಾದರೆ ಬ್ಯಾಲೆನ್ಸರ್ ಬದಲಿಸಿ.

1970ರ ಷೆವರ್ಲೆಗಳಲ್ಲಿ ಇನ್ನೊಂದು ವಿಷಯವಿದೆ. ಹೊಗೆ ಕಡಿಮೆ ಮಾಡಲೆಂದು ಕೆಳ ಗೇರ್‌ಗಳಲ್ಲಿ ಡಿಸ್ಟ್ರಿಬ್ಯೂಟರ್‌ಗೆ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಕಿಡಿಯನ್ನು ಮುಂಚಿತಗೊಳಿಸುವ ಎಂಜಿನ್ ವ್ಯಾಕ್ಯೂಮ್ ಹೋಗದಂತೆ ತಡೆಯುವ ವ್ಯವಸ್ಥೆಯನ್ನು ಅಳವಡಿಸಿದ್ದರು. ಹಾಗಾಗಿ ಊರೊಳಗೆ ನಿಧಾನವಾಗಿ ಹೋಗುವಾಗ ಕಿಡಿ ತಡವಾಗಿ ಹೊತ್ತುತ್ತದೆ, ಎಂಜಿನ್ ಬೇಗ ಬಿಸಿಯಾಗುತ್ತದೆ, ಆಕ್ಸಿಲರೇಟರ್ ಒತ್ತಿದರೂ ಮಂಕಾಗಿರುತ್ತದೆ. ನಿಮ್ಮ ಊರಿನ ಹೊಗೆ ತಪಾಸಣೆಯ ನಿಯಮ ಒಪ್ಪುವುದಾದರೆ ವ್ಯಾಕ್ಯೂಮ್ ಅಡ್ವಾನ್ಸ್ ಎಲ್ಲ ಗೇರ್‌ಗಳಲ್ಲೂ ಕೆಲಸ ಮಾಡುವಂತೆ ಜೋಡಿಸಿ. ಡಿಸ್ಟ್ರಿಬ್ಯೂಟರ್ ಒಳಗೆ ಹಗುರವಾದ ಸ್ಪ್ರಿಂಗ್ ಹಾಕಿ, ವ್ಯಾಕ್ಯೂಮ್ ಬಿಟ್ಟು ಸುಮಾರು 36 ಡಿಗ್ರಿ ಒಟ್ಟು ಅಡ್ವಾನ್ಸ್ (ಕಿಡಿ ಸೊನ್ನೆಗಿಂತ ಮುಂಚೆ ಹೊತ್ತುವ ಕೋನ) 3000 ಆರ್‌ಪಿಎಂ ಒಳಗೇ ಸಿಗುವಂತೆ ನೋಡಿಕೊಳ್ಳಿ. ಈ ಎಂಜಿನ್‌ನ ಕಂಪ್ರೆಷನ್ 10.25:1, ಪ್ರೀಮಿಯಂ ಪೆಟ್ರೋಲೇ ಬೇಕು. ಏರು ಹತ್ತುವಾಗ ಕಟಕಟ ಸದ್ದು ಕೇಳಿಸಿತೋ, ಕೂಡಲೇ ಎರಡು ಡಿಗ್ರಿ ಹಿಂದಕ್ಕೆ ತನ್ನಿ.

[ದೃಶ್ಯ: ಏರ್ ಕ್ಲೀನರ್ ತೆಗೆದ ರೋಚೆಸ್ಟರ್ ಕ್ವಾಡ್ರಾಜೆಟ್]

ಕಾರ್ಬ್ಯುರೇಟರ್ ಬದಲಿಸುವ ಮೊದಲು ಲೆಕ್ಕ ಹಾಕಿ. 454 ಅನ್ನು 5500 ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ 722. ಸಿಲಿಂಡರ್ ಪೂರ್ತಿ ತುಂಬಿದರೂ ಈ ಎಂಜಿನ್ ಎಳೆಯುವ ಗಾಳಿ ನಿಮಿಷಕ್ಕೆ ಅಷ್ಟೇ ಘನ ಅಡಿ. ಕಾರಿನ ಮೂಲ ಕಾರ್ಬ್ಯುರೇಟರ್ ಕ್ವಾಡ್ರಾಜೆಟ್ 750ರಷ್ಟು ಬಿಡುತ್ತದೆ. ಇನ್ನೂ ದೊಡ್ಡದು ಯಾಕೆ? ಇದರ ಮುಂದಿನ ಎರಡು ಬಾಯಿ ಕಿರಿದು, ಹಿಂದಿನ ಎರಡು ಅಗಲ. ದಿನದ ಓಟಕ್ಕೆ ಇದಕ್ಕಿಂತ ಚೆನ್ನಾದ ಏರ್ಪಾಡು ನನಗೆ ಕಂಡಿಲ್ಲ. ಪೂರ್ತಿ ಒತ್ತಿದಾಗ ಕಾರು ಒಂದು ಕ್ಷಣ ಮುಗ್ಗರಿಸಿದರೆ, ಹಿಂದಿನ ಬಾಯಿಗಳ ಮೇಲಿರುವ ಗಾಳಿ ಕವಾಟದ ಸ್ಪ್ರಿಂಗ್ ಸಡಿಲವಾಗಿದೆ ಎಂದು ಶಂಕಿಸಿ. ಕಾಲು ಸುತ್ತಿನಷ್ಟು ಬಿಗಿ ಮಾಡಿ ಮತ್ತೆ ಓಡಿಸಿ ನೋಡಿ.

ಇನ್ನು ಗೇರ್. ಟರ್ಬೊ 400 ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಮೂರೇ ಗೇರ್, ಓವರ್‌ಡ್ರೈವ್ (ಎಂಜಿನ್ ಸುತ್ತು ತಗ್ಗಿಸುವ ಮೇಲಿನ ಗೇರ್) ಇಲ್ಲ. 26 ಇಂಚು ಎತ್ತರದ ಟೈರ್, 3.31ರ ಆಕ್ಸಲ್ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸ್ ದಂಡದ 3.31 ಸುತ್ತು) ಇದ್ದರೆ ಗಂಟೆಗೆ 70 ಮೈಲಿ ವೇಗದಲ್ಲಿ ಎಂಜಿನ್ ಸುಮಾರು 3000 ಆರ್‌ಪಿಎಂ ತಿರುಗುತ್ತದೆ. ಪಿಕಪ್‌ಗಾಗಿ 4.10 ಹಾಕಿದರೆ 3700, ಹೆದ್ದಾರಿಯಲ್ಲಿ ಕಿವಿ ತೂತಾಗುತ್ತದೆ. ಅದೇ 4.10ಕ್ಕೆ 0.75ರ ಓವರ್‌ಡ್ರೈವ್ ಇರುವ 4ಎಲ್80ಇ ಗೇರ್‌ಬಾಕ್ಸ್ ಜೋಡಿಸಿದರೆ 2800ರ ಆಸುಪಾಸು. ಖರ್ಚು ದೊಡ್ಡದು, ನಿಜ. ಅದನ್ನು ನಡೆಸಲು ಪ್ರತ್ಯೇಕ ಎಲೆಕ್ಟ್ರಾನಿಕ್ ನಿಯಂತ್ರಕವೂ ಬೇಕು. ಆದರೆ ಇಡೀ ಕಾರಿನ ಸ್ವಭಾವವೇ ಬದಲಾಗುತ್ತದೆ.

ಕಾರ್ಖಾನೆಯಿಂದ ಬಂದ ಎಫ್70-14 ಟೈರ್‌ಗಳು ಈ ಟಾರ್ಕ್‌ಗೆ ಏನೇನೂ ಸಾಲವು. ಒಳ್ಳೆಯ ರೇಡಿಯಲ್ ಟೈರ್ ಹಾಕಿ.

ಇಷ್ಟೆಲ್ಲ ಮುಗಿಸಿದ ಮೇಲೂ ಕ್ಯಾಮ್ ಮೇಲೆ ಮನಸ್ಸಿದ್ದರೆ ಒಂದು ಎಚ್ಚರ. ಮುಂದಿನ ಡಿಸ್ಕ್ ಬ್ರೇಕ್‌ಗಳ ಬೂಸ್ಟರ್ ಎಂಜಿನ್ ವ್ಯಾಕ್ಯೂಮ್‌ನಿಂದಲೇ ನಡೆಯುತ್ತದೆ. ಕ್ಯಾಮ್ ದೊಡ್ಡದಾದಷ್ಟೂ ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಇಳಿಯುತ್ತದೆ, ಪೆಡಲ್ ಕಲ್ಲಾಗುತ್ತದೆ. ಸಾಧಾರಣ ಗಾತ್ರದ್ದನ್ನೇ ಆರಿಸಿ. ಹೊಸ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ಉಬ್ಬಿನ ಮೇಲೆ ಚಪ್ಪಟೆ ತಳ ಉಜ್ಜುವ ಬಗೆಯದು) ಹಾಕಿದ ದಿನ ಸತು ಹೆಚ್ಚಿರುವ ಆಯಿಲ್ ತುಂಬಿ, ಎಂಜಿನ್ ಸ್ಟಾರ್ಟ್ ಆದ ಕ್ಷಣದಿಂದ ಸುಮಾರು 20 ನಿಮಿಷ 2000 ಆರ್‌ಪಿಎಂಗಿಂತ ಕೆಳಗೆ ಇಳಿಯಲು ಬಿಡಬೇಡಿ. ಈ ಹಂತದಲ್ಲಿ ಐಡ್ಲಿಂಗ್‌ಗೆ ಬಿಟ್ಟರೆ ಕ್ಯಾಮ್‌ನ ಉಬ್ಬುಗಳು ಸವೆದು, ಲೋಹದ ಪುಡಿ ಆಯಿಲ್ ಜೊತೆ ಬೇರಿಂಗ್‌ಗಳಿಗೆ ಹೋಗುತ್ತದೆ.