ಎರಡು ತಂತಿಗಳ ಮಾತು

ಕೇಳುಗರೇ, ನಮಸ್ಕಾರ.

ಮೈಸೂರಿನ ನಮ್ಮ ಮನೆಯ ಮಹಡಿಯ ಮೇಲೆ ಒಂದು ಕಮೊಡೋರ್ 64 ಇದೆ. 1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಗೃಹಬಳಕೆಯ ಕಂಪ್ಯೂಟರ್ ಅದು. ನಮ್ಮ ದೊಡ್ಡಪ್ಪ ಹೊರದೇಶದಿಂದ ಹೊತ್ತು ತಂದದ್ದು. ಪಕ್ಕದಲ್ಲಿ 1541 ಎಂಬ ಡಿಸ್ಕ್ ಡ್ರೈವ್. ಇದರಷ್ಟು ನಿಧಾನದ ಡ್ರೈವನ್ನು ನಾನು ಬಳಸಿಲ್ಲ. ಇದರಷ್ಟು ಪ್ರೀತಿಸಿದ್ದೂ ಇನ್ನೊಂದಿಲ್ಲ.

ಲೋಡ್ ಎಂದು ಟೈಪಿಸಿದೊಡನೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಒಳಗೆ ಮೋಟಾರು ಗುಂಯ್‌ಗುಡುತ್ತದೆ. 40 ಕಿಲೋಬೈಟಿನ ಒಂದು ಆಟ ತೆರೆಯಲು ಹೆಚ್ಚು ಕಡಿಮೆ ಎರಡು ನಿಮಿಷ. ಇನ್ನೇನು ಮುಗಿಯಿತು ಎನ್ನುವಾಗ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಬೇಸಿಗೆ ರಜೆಯಲ್ಲಿ ಹೀಗೆ ಕಾದು ಕುಳಿತ ಸಂಜೆಗಳು ಎಷ್ಟೋ.

ಡಿಸ್ಕ್ ಮೆಲ್ಲಗೆ ತಿರುಗುವುದೇ ಇದಕ್ಕೆ ಕಾರಣ ಎಂದು ಬಹಳ ವರ್ಷ ನಂಬಿದ್ದೆ. ಅದು ತಪ್ಪು. ಡಿಸ್ಕ್ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಸೆಕೆಂಡಿಗೆ 20,000ಕ್ಕೂ ಹೆಚ್ಚು ಬೈಟುಗಳು ಡ್ರೈವಿನ ಓದುವ ಹೆಡ್ಡಿನ ಕೆಳಗೆ ಹಾದುಹೋಗುತ್ತವೆ. ಕಂಪ್ಯೂಟರನ್ನು ತಲುಪುವುದು ಮಾತ್ರ ಸುಮಾರು 400. ಕಣಜ ತುಂಬಿದೆ, ಆದರೆ ಭತ್ತವನ್ನು ಕಾಳು ಕಾಳಾಗಿ ಎಣಿಸಿ ಕೊಡುತ್ತಿದ್ದಾರೆ!

ಎಣಿಸುವವರು ಯಾರು? ಇದಕ್ಕೆ, ಕಮೊಡೋರ್ ಕಂಪನಿಯದೇ ಹಿಂದಿನ ಕಂಪ್ಯೂಟರ್ ವಿಕ್-20ರ ಕಥೆ ಹೇಳಬೇಕು. ಒಂದು ಬೈಟಿನ ಎಂಟು ಬಿಟ್‌ಗಳನ್ನು ತಾನೇ ಸಾಲಾಗಿ ಕಳಿಸಬೇಕಿದ್ದ ಅದರ 6522 ಚಿಪ್‌ನಲ್ಲಿ ದೋಷವಿತ್ತು. ಹಾಗಾಗಿ ಒಂದೊಂದು ಬಿಟ್ಟನ್ನೂ ತಂತ್ರಾಂಶವೇ ಕೈಯಾರೆ ದಾಟಿಸಬೇಕಾಯಿತು. ಮುಂದೆ ಚಿಪ್ ಬದಲಾಯಿತು, ಹಳೆಯ ಡ್ರೈವುಗಳೊಂದಿಗೆ ಹೊಂದಿಕೆಯಾಗಲೆಂದು ಪದ್ಧತಿ ಬದಲಾಗಲಿಲ್ಲ. ಮೇಲಾಗಿ 64ರ ಚಿತ್ರದ ಚಿಪ್ ಆಗಾಗ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತದೆ. ಆ ತಡೆಗೆ ಹೊಂದಿಕೊಳ್ಳಲು ಡ್ರೈವನ್ನು ಇನ್ನಷ್ಟು ನಿಧಾನಗೊಳಿಸಿದರು.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಇದರ ಪರಿಹಾರ. ಈ ಡ್ರೈವಿನೊಳಗೆ ಅದರದೇ ಆದ 6502 ಪ್ರೊಸೆಸರ್ ಇದೆ, 2 ಕಿಲೋಬೈಟ್ ಮೆಮೊರಿ ಇದೆ. ಎಂದರೆ ಅದೂ ಒಂದು ಕಂಪ್ಯೂಟರೇ, ಹೇಳಿಕೊಟ್ಟರೆ ಕಲಿಯುತ್ತದೆ! ಒಂದು ಪುಟ್ಟ ಪ್ರೋಗ್ರಾಮನ್ನು ಆ ಮೆಮೊರಿಗೆ ಕಳಿಸಿ, ಇನ್ನು ಮುಂದೆ ಹೀಗೆ ಮಾತನಾಡು ಎಂದರೆ ಸಾಕು. ಕೇಬಲ್ಲಿನಲ್ಲಿ ಮಾಹಿತಿಗೊಂದು, ಬಿಟ್ ಬಿಟ್ಟಿಗೂ ಸನ್ನೆ ಕೊಡುವ ಗಡಿಯಾರಕ್ಕೊಂದು ತಂತಿ ಇರುತ್ತವೆ. ಹೊಸ ಪಾಠದಲ್ಲಿ ಎರಡೂ ತಂತಿಗಳು ಮಾಹಿತಿಯನ್ನೇ ಹೊರುತ್ತವೆ, ಏಕಕಾಲಕ್ಕೆ ಎರಡು ಬಿಟ್. ಪ್ರತಿ ಬಿಟ್ಟಿಗೂ ಸನ್ನೆ ಕೊಡುವ ಗೊಡವೆಯಿಲ್ಲ. ತಾಳ ಹಿಡಿದ ಇಬ್ಬರು ವಾದ್ಯಗಾರರ ಹಾಗೆ ಎರಡೂ ಪ್ರೊಸೆಸರುಗಳು ತಮ್ಮ ಲೆಕ್ಕ ತಪ್ಪದೆ ಸಾಗುತ್ತವೆ. ಆ ಹೊತ್ತಿನಲ್ಲಿ ಚಿತ್ರದ ಚಿಪ್ ಅಡ್ಡ ಬರಬಾರದೆಂದು ಕೆಲವು ಪ್ರೋಗ್ರಾಮುಗಳು ಪರದೆಯನ್ನೇ ಆರಿಸಿಬಿಡುತ್ತವೆ.

ಇಂಥ ಪ್ರೋಗ್ರಾಮ್ ತುಂಬಿಕೊಂಡು 1984ರಲ್ಲಿ ಬಂದ ಎಪಿಕ್ಸ್ ಫಾಸ್ಟ್ ಲೋಡ್ ಎಂಬ ಕಾರ್ಟ್ರಿಡ್ಜನ್ನು ಕಂಪ್ಯೂಟರಿನ ಹಿಂದಿನ ಕಿಂಡಿಗೆ ಸಿಕ್ಕಿಸಿದರೆ ವೇಗ ಸುಮಾರು ಐದು ಪಟ್ಟು ಆಗುತ್ತದೆ. ಇನ್ನೂ ವೇಗ ಬೇಕೆನ್ನುವವರು ಕಂಪ್ಯೂಟರ್ ಮತ್ತು ಡ್ರೈವ್ ಎರಡರಲ್ಲೂ ಕಾಯಂ ಪ್ರೋಗ್ರಾಮ್ ಇರುವ ರೋಮ್ (ROM) ಚಿಪ್ಪನ್ನು ಬದಲಿಸಿ ಜಿಫಿಡಾಸ್ ಎಂಬ ತಂತ್ರಾಂಶ ಹಾಕಿಸುತ್ತಾರೆ. ನಾನು ಕಾರ್ಟ್ರಿಡ್ಜಿನಲ್ಲೇ ತೃಪ್ತ. ಮೊದಲ ಸಲ ಲೋಡ್ ಕೊಟ್ಟು, ಅಭ್ಯಾಸಬಲದಿಂದ ಕಾಫಿಗೆಂದು ಎದ್ದವನು ಬಾಗಿಲು ದಾಟುವಷ್ಟರಲ್ಲಿ ಆಟದ ಸಂಗೀತ ಕೇಳಿಸಿತು. ಅಲ್ಲೇ ನಿಂತುಬಿಟ್ಟೆ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ ಆತುರಪಟ್ಟು ಸ್ವಿಚ್ ಹಾಕಬೇಡಿ. ಅಮೆರಿಕದ್ದಾದರೆ ನಮ್ಮ 230 ವೋಲ್ಟ್ ಅದಕ್ಕೆ ಆಗದು, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕಂಪ್ಯೂಟರಿನ ಹಳೆಯ ಪವರ್ ಸಪ್ಲೈ ಕೆಟ್ಟರೆ 5 ವೋಲ್ಟ್‌ಗಿಂತ ಹೆಚ್ಚು ಹರಿಸಿ ಚಿಪ್ಪುಗಳನ್ನು ಸುಟ್ಟುಬಿಡುತ್ತದೆ. ಮಲ್ಟಿಮೀಟರಿನಲ್ಲಿ ಅಳೆದು ನೋಡಿ, ಆಮೇಲೆ ಜೋಡಿಸಿ. ನಮಸ್ಕಾರ.